ಕಲ್ಲು ಹಿಡಿದಿಟ್ಟ ಸೂರ್ಯನ ಗಾಳಿ

1868ರ ಆಗಸ್ಟ್ 18ರಂದು ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ದೂರದರ್ಶಕಕ್ಕೆ ರೋಹಿತದರ್ಶಕ ಜೋಡಿಸಿಕೊಂಡು ಖಗ್ರಾಸ ಸೂರ್ಯಗ್ರಹಣಕ್ಕೆ ಕಾದಿದ್ದರು. ವಿಜಯಪುರದಲ್ಲಿ ಇನ್ನೊಂದು ತಂಡವಿತ್ತು, ಗುಂಟೂರಿನಲ್ಲಿ ಫ್ರಾನ್ಸಿನ ಪಿಯೆರ್ ಜಾನ್ಸೆನ್ ಇದ್ದರು. ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಬೆಳಕಿನಲ್ಲಿ ಹರ್ಷೆಲ್ ಅವರಿಗೆ ಕೆಂಪು, ಕಿತ್ತಳೆ, ನೀಲಿ ಗೆರೆಗಳು ಹೊಳೆದವು. ನಡುವಿನದು ಸೋಡಿಯಂ ಗೆರೆ ಎಂದೇ ಮೊದಲಿಗೆ ತಿಳಿದಿದ್ದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕ್ಯರ್ ಅಳೆದು ನೋಡಿದಾಗ ಆ ಗೆರೆ ಸೋಡಿಯಂನ ಜಾಗದಿಂದ ತುಸು ಸರಿದಿತ್ತು. ಅದು ಹೀಲಿಯಂ. ಭೂಮಿಯ ಮೇಲೆ ಅದನ್ನು ವಿಲಿಯಂ ರಾಮ್ಸೆ ಯುರೇನಿಯಂ ಅದುರಿನಿಂದ ಹೊರತೆಗೆದದ್ದು 1895ರಲ್ಲಿ.

ಹೀಗೆ ಕೃಷ್ಣಾ ತೀರದಿಂದ ಬರೀ ಬೆಳಕಾಗಿ ಕಂಡ ಸೂರ್ಯನ ಹೀಲಿಯಂ ಇಂದು ಪ್ರಯೋಗಾಲಯದ ಕುಲುಮೆಯಲ್ಲಿ ಅನಿಲವಾಗಿಯೇ ಸಿಗುತ್ತದೆ. ಅದನ್ನು ತಂದುಕೊಡುವುದು ಉಲ್ಕಾಶಿಲೆ.

ಕಲಬುರಗಿಯ ಕೋಟನೂರಿನಲ್ಲಿ ಮಾಳಿಗೆ ಕಾಯಿಸುವ ಬಿಸಿಲು ಸೂರ್ಯನನ್ನು ಬಿಟ್ಟು ಎಂಟು ನಿಮಿಷ ಚಿಲ್ಲರೆಯಾಗಿರುತ್ತದೆ. ಅದೇ ಸೂರ್ಯನಿಂದ ಹೊರಡುವ ಸೌರ ಮಾರುತ ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಬಂದರೂ ಭೂಮಿಯ ಹತ್ತಿರ ತಲುಪಲು ನಾಲ್ಕು ದಿನ ಬೇಕು. ಬಹುಪಾಲು ಪ್ರೋಟಾನುಗಳು, ಒಂದಿಷ್ಟು ಹೀಲಿಯಂ, ತೀರ ಕಡಿಮೆ ನಿಯಾನ್, ಆರ್ಗಾನ್, ಕ್ರಿಪ್ಟಾನ್, ಜ಼ೆನಾನ್ ಅದರಲ್ಲಿವೆ. 1962ರಲ್ಲಿ ಶುಕ್ರನತ್ತ ಹೊರಟ ಮ್ಯಾರಿನರ್-2 ನೌಕೆಯ ಅಳತೆಗಳಿಂದ ಈ ಗಾಳಿ ಎಡೆಬಿಡದೆ ಬೀಸುತ್ತದೆಂದು ತೋರಿಸಿದವರಲ್ಲಿ ಉಡುಪಿ ಜಿಲ್ಲೆಯ ಅದಮಾರಿನ ಯು.ಆರ್. ರಾವ್ ಒಬ್ಬರು. ಭೂಮಿಯ ಕಾಂತಕ್ಷೇತ್ರ ಮತ್ತು ವಾಯುಮಂಡಲದ ತಡೆಯಿಂದಾಗಿ ಆ ಗಾಳಿ ಕೋಟನೂರಿನ ನೆಲ ಮುಟ್ಟುವುದಿಲ್ಲ. ಶಹಾಬಾದ್ ಕಲ್ಲನ್ನು ಎಷ್ಟು ಕಾಯಿಸಿದರೂ ಅದರಲ್ಲಿ ಸೌರ ಮಾರುತ ಸಿಗದು.

ಕ್ಷುದ್ರಗ್ರಹಕ್ಕೆ ಅಂಥ ಕಾವಲಿಲ್ಲ. ಅದರ ಮೇಲಿನ ಹುಡಿಮಣ್ಣಿನ ಕಣಕಣಕ್ಕೂ ಗಾಳಿ ನೇರ ಬಡಿದು, ಅಯಾನುಗಳು ಹರಳಿನೊಳಕ್ಕೆ ನಾಟುತ್ತವೆ. ನಾಟುವ ಆಳ ಕೆಲವು ಹತ್ತು ನ್ಯಾನೊಮೀಟರ್ ಮಾತ್ರ. ಉಲ್ಕೆ ಭೂಮಿಗೆ ಬೀಳುವಾಗ ಅದರ ಹೊರಮೈ ಕರಗಿ ಸುಟ್ಟುಹೋಗುತ್ತದಲ್ಲ, ಅನಿಲ ಉಳಿದದ್ದು ಹೇಗೆ? ಬಡಿತ ತಿಂದ ಹುಡಿಯನ್ನು ಸಣ್ಣ ದೊಡ್ಡ ಅಪ್ಪಳಿಕೆಗಳು ಮೇಲೆ ಕೆಳಗೆ ಮಾಡಿ, ಒತ್ತಿ, ಮತ್ತೆ ಗಟ್ಟಿ ಕಲ್ಲಾಗಿಸಿದ್ದವು. ಹಾಗಾಗಿ ಒಂದು ಕಾಲದಲ್ಲಿ ಮೇಲ್ಮೈಯಲ್ಲಿದ್ದ ಕಣ ಈಗ ಕಲ್ಲಿನ ಹೊಟ್ಟೆಯಲ್ಲಿದೆ. ಎಲ್ಲ ಉಲ್ಕೆಗಳಿಗೂ ಈ ಇತಿಹಾಸವಿಲ್ಲ. ಇರುವವುಗಳನ್ನು ಕತ್ತರಿಸಿದರೆ ಹಲವು ಸಲ ಕಪ್ಪು ಹಿನ್ನೆಲೆಯಲ್ಲಿ ಬಿಳಿ ತುಣುಕುಗಳು ಕಾಣುತ್ತವೆ. ಸೌರ ಅನಿಲ ತುಂಬಿರುವುದು ಕಪ್ಪು ಭಾಗದಲ್ಲಿ.

ರಷ್ಯಾದಲ್ಲಿ 1933ರಲ್ಲಿ ಬಿದ್ದ ಪೆಸ್ಯಾನೊಯೆ ಉಲ್ಕೆಯಲ್ಲಿ ಗೆರ್ಲಿಂಗ್ ಮತ್ತು ಲೆವ್‌ಸ್ಕಿ 1956ರಲ್ಲಿ ಇಂಥ ಅನಿಲವನ್ನು ಮೊದಲು ಕಂಡರು. ಇದು ಹೊರಗಿನಿಂದ ನಾಟಿದ್ದು ಎಂಬುದಕ್ಕೆ ಬಲವಾದ ಸಾಕ್ಷಿ ಒದಗಿಸಿದವರಲ್ಲಿ ನಮ್ಮವರೂ ಇದ್ದಾರೆ. 1969ರಲ್ಲಿ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದೇವೇಂದ್ರ ಲಾಲ್ ಮತ್ತು ಆರ್.ಎಸ್. ರಾಜನ್, ಈ ಜಾತಿಯ ಉಲ್ಕೆಗಳ ಬಿಡಿ ಹರಳುಗಳಲ್ಲಿ ಸೌರ ಸ್ಫೋಟದ ಕಣಗಳು ಕೊರೆದ ಜಾಡುಗಳನ್ನು ತೋರಿಸಿದರು. ಹರಳಿನ ಅಂಚಿನಲ್ಲಿ ಜಾಡು ದಟ್ಟ, ಒಳಗೆ ವಿರಳ. ಮುಂದೆ ಲಾಲ್ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ನಿರ್ದೇಶಕರಾದರು, ಅಲ್ಲಿ ಉಲ್ಕೆಗಳ ಅಧ್ಯಯನ ಬೇರುಬಿಟ್ಟಿತು.

ಅಳೆಯುವ ಕೆಲಸ ಹೀಗೆ ಸಾಗುತ್ತದೆ. ಕಲ್ಲಿನ ಚೂರನ್ನು ಲೋಹದ ಹಾಳೆಯಲ್ಲಿ ಸುತ್ತಿ ನಿರ್ವಾತದ ಕುಲುಮೆಗೆ ಇಳಿಸುತ್ತಾರೆ. ಒಮ್ಮೆಲೇ ಕರಗಿಸದೆ ಹಂತಹಂತವಾಗಿ ಶಾಖ ಏರಿಸುತ್ತಾರೆ. ಹೊರಬಂದ ನೀರಾವಿ, ಇಂಗಾಲದ ಡೈಆಕ್ಸೈಡ್, ಸಾರಜನಕವನ್ನೆಲ್ಲ ಬಿಸಿ ಟೈಟಾನಿಯಂನಂಥ ಲೋಹ ಹೀರಿಕೊಳ್ಳುತ್ತದೆ. ಯಾರೊಂದಿಗೂ ಬೆರೆಯದ ಜಡ ಅನಿಲಗಳು ಉಳಿಯುತ್ತವೆ. ದ್ರವ ಸಾರಜನಕದಿಂದ ತಣಿಸಿದ ಇದ್ದಿಲು ಆರ್ಗಾನ್, ಕ್ರಿಪ್ಟಾನ್, ಜ಼ೆನಾನನ್ನು ಹಿಡಿದಿಟ್ಟರೆ ಹೀಲಿಯಂ ಮತ್ತು ನಿಯಾನ್ ಮೊದಲು ಮಾಸ್ ಸ್ಪೆಕ್ಟ್ರೋಮೀಟರಿಗೆ ಹೋಗುತ್ತವೆ. ಅಲ್ಲೂ ಮೋಸಕ್ಕೆ ಅವಕಾಶವಿದೆ. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆರ್ಗಾನ್-40 ಯಂತ್ರದ ಕಣ್ಣಿಗೆ ನಿಯಾನ್-20ರಂತೆಯೇ ಕಾಣುತ್ತದೆ. ಅಂಥದ್ದನ್ನೆಲ್ಲ ಲೆಕ್ಕ ಹಾಕಿ ಕಳೆಯಬೇಕು. ಕಲ್ಲೇ ಇಲ್ಲದೆ ಕುಲುಮೆ ಕಾಯಿಸಿ, ಉಪಕರಣ ತಾನೇ ಬಿಡುವ ಅನಿಲವನ್ನೂ ಅಳೆಯಬೇಕು. ಈ ಖಾಲಿ ಅಳತೆಯಲ್ಲಿ ಎಚ್ಚರ ತಪ್ಪಿದರೆ ಉಳಿದ ಯಾವ ಅಂಕಿಯನ್ನೂ ನಂಬುವಂತಿಲ್ಲ.

ನಿಜವಾದ ಕಷ್ಟ ಆಮೇಲಿನದು. ಅದೇ ಕಲ್ಲಿನಲ್ಲಿ ಯುರೇನಿಯಂ, ಥೋರಿಯಂ ಕ್ಷಯಿಸಿ ಹುಟ್ಟಿದ ಹೀಲಿಯಂ ಇದೆ, ಪೊಟ್ಯಾಸಿಯಂನಿಂದ ಬಂದ ಆರ್ಗಾನ್-40 ಇದೆ. (ಕಮಲಾಪುರದ ಎರೆಭೂಮಿಗೆ ತಾಯಿಯಾದ ದಖನ್ ಕರಿಗಲ್ಲಿಗೆ ಸುಮಾರು 6.6 ಕೋಟಿ ವರ್ಷವೆಂದು ಹೇಳಲು ನೆರವಾದದ್ದೂ ಈ ಆರ್ಗಾನೇ.) ಕಾಸ್ಮಿಕ್ ಕಿರಣಗಳು ಪರಮಾಣುಗಳನ್ನು ಒಡೆದು ಮಾಡಿದ ನಿಯಾನ್ ಬೇರೆ. ಯಾವುದು ಯಾರದೆಂದು ತಿಳಿಸುವುದು ಐಸೊಟೋಪುಗಳ ಅನುಪಾತ. ಸೌರ ಮಾರುತದಲ್ಲಿ ಒಂದು ಪಾಲು ನಿಯಾನ್-22ಕ್ಕೆ 13.8 ಪಾಲು ನಿಯಾನ್-20 ಇರುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ಅದು 9.8. ಕಾಸ್ಮಿಕ್ ಕಿರಣದ ನಿಯಾನಿನಲ್ಲಿ ಒಂದಕ್ಕೂ ಕಡಿಮೆ.

ಜ್ಯೂರಿಕ್‌ನಲ್ಲಿ ರೈನರ್ ವೀಲರ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಇನ್ನೂ ನಾಜೂಕಾದ ದಾರಿ ಹಿಡಿದರು. ಶಾಖದ ಬದಲು ಆಮ್ಲದಿಂದ ಕಣದ ಪದರುಗಳನ್ನು ಒಂದೊಂದಾಗಿ ಕರಗಿಸಿ, ಪ್ರತಿ ಪದರಿನ ಅನಿಲವನ್ನು ಆಗಿಂದಾಗ ಅಳೆದರು. ಮೇಲ್ಪದರಿನಲ್ಲಿ ಅನುಪಾತ 13.8ರ ಹತ್ತಿರವಿತ್ತು, ಆಳಕ್ಕೆ ಇಳಿದಂತೆ 11.2ರತ್ತ ಕುಸಿಯಿತು. ಆಳದ್ದು ಸೂರ್ಯನಿಂದಲೇ ಬಂದ, ಹೆಚ್ಚು ಶಕ್ತಿಯ ಬೇರೊಂದು ಬಗೆಯ ಕಣಗಳೆಂದು ಬಹುಕಾಲ ನಂಬಿದ್ದರು.

ಆ ನಂಬಿಕೆ ಬಿದ್ದದ್ದು ನಾಸಾದ ಜೆನೆಸಿಸ್ ನೌಕೆಯಿಂದ. ಎರಡು ವರ್ಷಕ್ಕೂ ಮೇಲ್ಪಟ್ಟು ಸೌರ ಮಾರುತಕ್ಕೆ ಮೈಯೊಡ್ಡಿದ್ದ ಅದರ ಸಂಗ್ರಾಹಕಗಳು 2004ರ ಸೆಪ್ಟೆಂಬರ್ 8ರಂದು ಪ್ಯಾರಾಚೂಟ್ ಬಿಚ್ಚದೆ ಯೂಟಾ ಮರುಭೂಮಿಗೆ ಅಪ್ಪಳಿಸಿದವು. ಆದರೂ ಲೋಹಗಾಜಿನ ಒಂದು ತುಂಡು ಬಳಕೆಗೆ ಉಳಿಯಿತು. ಜ್ಯೂರಿಕ್ ತಂಡ ಅದನ್ನೂ ಪದರು ಪದರಾಗಿ ಕರಗಿಸಿತು. ಅಲ್ಲೂ ಅನುಪಾತ ಆಳಕ್ಕೆ ಹೋದಂತೆ ಇಳಿದಿತ್ತು. ಒಂದೇ ವೇಗದಲ್ಲಿ ಬಡಿದಾಗ ಭಾರದ ನಿಯಾನ್-22 ಹಗುರದ ನಿಯಾನ್-20ಕ್ಕಿಂತ ತುಸು ಆಳಕ್ಕೆ ನಾಟುತ್ತದೆ, ಅಷ್ಟೆ. ಬೇರೆ ಕಣಗಳ ಅಗತ್ಯವಿಲ್ಲವೆಂದು 2006ರಲ್ಲಿ ಪ್ರಕಟವಾಯಿತು.

2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1ರಲ್ಲಿ ಇದೇ ಅಹಮದಾಬಾದ್ ಪ್ರಯೋಗಾಲಯದ ಉಪಕರಣವೊಂದಿದೆ. ಸೌರ ಮಾರುತದ ಪ್ರೋಟಾನುಗಳನ್ನೂ ಹೀಲಿಯಂ ಅಯಾನುಗಳನ್ನೂ ಅದು ಬೇರೆಬೇರೆಯಾಗಿ ಎಣಿಸುತ್ತದೆ. ಅದಕ್ಕೆ ಸಿಗುವುದು ಇವತ್ತಿನ ಗಾಳಿ. ಕೋಟಿಗಟ್ಟಲೆ ವರ್ಷಗಳ ಹಿಂದೆ ಬೀಸಿದ ಗಾಳಿಯ ಅಳತೆ ಬೇಕೆಂದರೆ ಉಲ್ಕೆಯ ಕಪ್ಪು ಭಾಗದಿಂದ ಚೂರು ತೆಗೆದು ಕುಲುಮೆಗೋ ಆಮ್ಲಕ್ಕೋ ಹಾಕಲೇಬೇಕು.