ಪೆಟ್ರೋಲಿನ ನಂಬರು

ಕಳೆದ ದಸರೆಯ ರಜೆಗೆ ನಾನು ಊರಿಗೆ ಹೋದಾಗ ಅಣ್ಣನೂ ಬಂದಿದ್ದನು. ಅವನು ಬೆಂಗಳೂರಿನಲ್ಲಿ ಶ್ರೀಮಂತ ಗೃಹಸ್ಥರೊಬ್ಬರ ಕಾರು ನಡೆಸುತ್ತಾನೆ. ಜರ್ಮನಿಯಿಂದ ಬಂದ, ಟರ್ಬೊ ಜೋಡಿಸಿದ, ವೇಗಕ್ಕೆಂದೇ ಮಾಡಿದ ಕಾರು ಅದು. ಅದಕ್ಕೆ 100 ಆಕ್ಟೇನ್ ಪೆಟ್ರೋಲನ್ನೇ ಹಾಕಿಸಬೇಕೆಂದು ಯಜಮಾನರ ಕಟ್ಟಪ್ಪಣೆ. ಒಮ್ಮೆ ಮಂಗಳೂರಿನಿಂದ ಹಿಂದಿರುಗುವಾಗ, ಶಿರಾಡಿ ಘಾಟಿಯ ಕೆಳಗಿನ ಬಂಕಿನಲ್ಲಿ 100 ಸಿಗದೆ ಇವನು 95 ಹಾಕಿಸಿದನಂತೆ. ಅಷ್ಟಕ್ಕೇ ‘ನನ್ನ ಎಂಜಿನ್ನು ಕೆಡಿಸಿಬಿಟ್ಟೆ’ ಎಂದು ಬೈಗುಳ. ಆ ತಿಂಗಳ ಸಂಬಳದಲ್ಲಿ ಸಾವಿರ ರೂಪಾಯಿ ಕಡಿತ.

‘ನೀನು ಬಿ.ಎ. ಓದುತ್ತೀಯಲ್ಲ, ಈ ನಂಬರು ಅಂದರೇನು ಹೇಳಪ್ಪ’ ಎಂದು ಅಣ್ಣ ಕೇಳಿದನು. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಲೋಕದ ಸಕಲ ಪ್ರಶ್ನೆಗಳಿಗೂ ನನ್ನಲ್ಲಿ ಉತ್ತರವಿದೆಯೆಂಬುದು ಮನೆಯವರ ನಂಬಿಕೆ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವ ನಾನು ತಲೆ ಕೆರೆದುಕೊಂಡೆ. ಆಮೇಲೆ ಪುಸ್ತಕಗಳನ್ನು ಹುಡುಕಿ, ವಿಜ್ಞಾನ ಬಲ್ಲ ಗೆಳೆಯರನ್ನು ಕಾಡಿ ತಿಳಿದುಕೊಂಡುದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಂಬರು ದೊಡ್ಡದಾದಷ್ಟೂ ಪೆಟ್ರೋಲಿನಲ್ಲಿ ಕಸುವು ಹೆಚ್ಚೆಂದು ನಮ್ಮಲ್ಲಿ ಬಹುಮಂದಿ ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಇದು ತಪ್ಪು. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಗಾಳಿಯನ್ನು ಅದುಮಿದರೆ ಅದು ಕಾಯುತ್ತದೆ. ಕಾರಿನ ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಹೀಗೆಯೇ ಅದುಮುತ್ತದೆ. ಸರಿಯಾದ ಸಮಯಕ್ಕೆ ಪ್ಲಗ್ಗು ಕಿಡಿ ಹಾರಿಸುತ್ತದೆ, ಉರಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕ್ರಮವಾಗಿ ಹಬ್ಬುತ್ತದೆ, ಪಿಸ್ಟನ್ನು ಕೆಳಕ್ಕೆ ತಳ್ಳಲ್ಪಡುತ್ತದೆ. ಆದರೆ ಒತ್ತಡವೂ ಕಾವೂ ಮಿತಿಮೀರಿದರೆ, ಉರಿ ಇನ್ನೂ ತಲುಪದ ಮೂಲೆಯ ಮಿಶ್ರಣವು ತಾನೇ ತಾನಾಗಿ ಒಮ್ಮೆಗೇ ಹೊತ್ತಿಕೊಳ್ಳುತ್ತದೆ. ಆಗ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಆಡಿಸಿದಂತೆ ಸದ್ದು ಬರುತ್ತದೆ. ಇದಕ್ಕೆ ‘ನಾಕಿಂಗ್’ ಎನ್ನುತ್ತಾರೆ. ಬಹಳ ಹೊತ್ತು ಹೀಗೆ ನಡೆದರೆ ಪಿಸ್ಟನ್ನಿನ ತಲೆ ಕರಗುವುದೂ ಉಂಟು, ರಿಂಗು ಮುರಿಯುವುದೂ ಉಂಟು. ಹೀಗೆ ತಾನಾಗಿ ಹೊತ್ತಿಕೊಳ್ಳದೆ ತಾಳಿಕೊಳ್ಳುವ ಗುಣಕ್ಕೆ ಕೊಟ್ಟ ಅಳತೆಯೇ ಆಕ್ಟೇನ್ ಅಂಕ. ಅದು ತಾಳ್ಮೆಯ ಅಂಕವೇ ಹೊರತು ಬಲದ ಅಂಕವಲ್ಲ.

ಈ ಅಳತೆಯನ್ನು 1926ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞ ಗ್ರಹಾಮ್ ಎಡ್ಗರ್ ಸೂಚಿಸಿದನು. ಐಸೊ-ಆಕ್ಟೇನ್ ಎಂಬ ದ್ರವ ಚೆನ್ನಾಗಿ ತಾಳುತ್ತದೆ, ಅದಕ್ಕೆ 100. ಹೆಪ್ಟೇನ್ ಸ್ವಲ್ಪವೂ ತಾಳದು, ಅದಕ್ಕೆ ಸೊನ್ನೆ. ಪರೀಕ್ಷೆಯ ಎಂಜಿನ್ನಿನಲ್ಲಿ ಒಂದು ಪೆಟ್ರೋಲು, 95 ಪಾಲು ಐಸೊ-ಆಕ್ಟೇನ್ ಮತ್ತು 5 ಪಾಲು ಹೆಪ್ಟೇನ್ ಬೆರೆಸಿದ ದ್ರವದಂತೆ ನಡೆದುಕೊಂಡರೆ ಅದರ ಅಂಕ 95. ಪೆಟ್ರೋಲಿನಲ್ಲಿ ನೂರಕ್ಕೆ 95 ಪಾಲು ಆಕ್ಟೇನ್ ಇದೆಯೆಂದು ಇದರ ಅರ್ಥವಲ್ಲ. ಅಂಕವನ್ನು ಏರಿಸಲು ಬಹುಕಾಲ ಸೀಸದ ಸಂಯುಕ್ತವೊಂದನ್ನು ಬೆರೆಸುತ್ತಿದ್ದರು. 1921ರಲ್ಲಿ ಥಾಮಸ್ ಮಿಜ್ಲಿ ಕಂಡುಹಿಡಿದ ಈ ಉಪಾಯ ಎಂಜಿನ್ನಿಗೆ ಹಿತ, ಉಸಿರಾಡುವವರಿಗೆ ವಿಷ. ಭಾರತದಲ್ಲಿ ಅದು 2000ದಲ್ಲಿ ನಿಂತಿತು.

ಕಸುವಿಗೂ ಅಂಕಕ್ಕೂ ಸಂಬಂಧವಿಲ್ಲವೆಂಬುದಕ್ಕೆ ಎಥನಾಲೇ ಸಾಕ್ಷಿ. ಅದರ ಅಂಕ ನೂರಕ್ಕೂ ಮೇಲೆ; ಆದರೆ ಒಂದು ಲೀಟರು ಎಥನಾಲ್ ಉರಿದರೆ ಪೆಟ್ರೋಲು ಕೊಡುವ ಶಾಖದ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರ ದೊರೆಯುತ್ತದೆ. ಹಾಗಾದರೆ ಹೆಚ್ಚಿನ ಅಂಕದಿಂದ ಪ್ರಯೋಜನವೇ ಇಲ್ಲವೆ? ಉಂಟು, ಎಂಜಿನ್ನು ಅದನ್ನು ಬಳಸಿಕೊಳ್ಳುವಂತಿದ್ದರೆ. ಇತಿಹಾಸದ ವಿದ್ಯಾರ್ಥಿಯಾದ ನನಗೆ ಇಲ್ಲಿ ಒಂದು ನಿದರ್ಶನ ದೊರೆತು ಸಂತೋಷವಾಯಿತು. 1940ರಲ್ಲಿ ಬ್ರಿಟನ್ನಿನ ಮೇಲೆ ಜರ್ಮನ್ ವಿಮಾನಗಳು ಎರಗಿದಾಗ, ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳು 87 ಆಕ್ಟೇನ್ ಬಿಟ್ಟು 100ಕ್ಕೆ ಬಂದಿದ್ದವು. ಅದರಿಂದಾಗಿ ಅವುಗಳ ಮರ್ಲಿನ್ ಎಂಜಿನ್ನಿಗೆ ತುಂಬುವ ಗಾಳಿಯ ಹೆಚ್ಚುವರಿ ಒತ್ತಡವನ್ನು ಚದರ ಅಂಗುಲಕ್ಕೆ ಸುಮಾರು 6 ಪೌಂಡಿನಿಂದ 12 ಪೌಂಡಿಗೆ ಏರಿಸುವುದು ಸಾಧ್ಯವಾಯಿತು. ಬಲ ಬಂದುದು ಆ ಒತ್ತಡದಿಂದ; ಪೆಟ್ರೋಲು ಅದನ್ನು ತಾಳಿಕೊಂಡಿತು, ಅಷ್ಟೆ. ಒತ್ತಡ ಏರಿಸದೆ ಪೆಟ್ರೋಲನ್ನಷ್ಟೇ ಬದಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಟರ್ಬೊ ಕಾರಿನದೂ ಇದೇ ಕಥೆ.

ಆದುದರಿಂದ ಆಯ್ಕೆಯನ್ನು ಮಾಡತಕ್ಕವರು ನಾವಲ್ಲ, ಎಂಜಿನ್ನು ಕಟ್ಟಿದವರು. ಅವರು ಅದನ್ನು ಕೈಪಿಡಿಯಲ್ಲಿಯೂ, ಅನೇಕ ಕಾರುಗಳಲ್ಲಿ ಟ್ಯಾಂಕಿನ ಮುಚ್ಚಳದ ಒಳಮೈಯಲ್ಲಿಯೂ ಬರೆದಿರುತ್ತಾರೆ. ಕೆಲವು ಕಡೆ ಎರಡು ಅಂಕಗಳಿರುತ್ತವೆ: ಒಂದು ಉತ್ತಮವಾದುದು, ಇನ್ನೊಂದು ಕನಿಷ್ಠ. ಇವೆರಡರ ನಡುವಿನ ಪೆಟ್ರೋಲು ಹಾಕಿದರೆ ಈಗಿನ ಕಾರು ತಾನೇ ಸರಿಮಾಡಿಕೊಳ್ಳುತ್ತದೆ. ನಾಕಿಂಗಿನ ಸದ್ದನ್ನು ಕೇಳುವ ಒಂದು ಪುಟ್ಟ ಕಿವಿ ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಅದು ಸುಳಿವು ಕೊಟ್ಟೊಡನೆ ಕಿಡಿ ತುಸು ತಡವಾಗುತ್ತದೆ. ಸ್ವೀಡನ್ನಿನ ಸಾಬ್ ಕಂಪನಿ 1980ರ ದಶಕದ ಆರಂಭದಲ್ಲಿಯೇ ಇಂಥ ಕಿವಿಯಿಟ್ಟು ಟರ್ಬೊ ಒತ್ತಡವನ್ನು ತಗ್ಗಿಸುವ ಏರ್ಪಾಟು ಮಾಡಿತ್ತು. ಇದರಿಂದ ವೇಗ ಸ್ವಲ್ಪ ಕುಂದಬಹುದು, ಎಂಜಿನ್ನು ಕೆಡುವುದಿಲ್ಲ. ಕನಿಷ್ಠಕ್ಕಿಂತ ಕೆಳಗಿನದನ್ನು ಮಾತ್ರ ಹಾಕಬಾರದು. ಗತಿಯಿಲ್ಲದೆ ಹಾಕಿದರೆ ಏರಿನಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತದೆ ನಿಧಾನವಾಗಿ ಹೋಗಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಅಮೆರಿಕದ ಪುಸ್ತಕಗಳನ್ನು ನೋಡಿ 91 ಸಾಕೆಂದು ತಿಳಿಯಬಾರದು. ಅಲ್ಲಿ ಎರಡು ಬಗೆಯ ಪರೀಕ್ಷೆಗಳ ಸರಾಸರಿಯನ್ನು ಬರೆಯುತ್ತಾರೆ. ಅಲ್ಲಿಯ 91 ನಮ್ಮ ಲೆಕ್ಕದಲ್ಲಿ ಸುಮಾರು 95 ಅಥವಾ 96 ಆಗುತ್ತದೆ. ಇನ್ನು ಬೇಕಾದುದಕ್ಕಿಂತ ಹೆಚ್ಚಿನ ಅಂಕದ್ದು ಹಾಕುವುದು ಬರಿಯ ದುಂದು. ನನ್ನ ಅಣ್ಣನೇ ಅಪ್ಪನ ಮೊಪೆಡ್ಡಿಗೆ ಹಬ್ಬದ ಉಡುಗೊರೆಯೆಂದು ದುಬಾರಿ ಪೆಟ್ರೋಲು ಹಾಕಿಸಿ, ‘ಈಗ ನೋಡು, ಹೇಗೆ ಹಾರುತ್ತದೆ’ ಎಂದಿದ್ದನು. ಅದು ಎಂದಿನಂತೆಯೇ ಕೆಮ್ಮುತ್ತ ಹೋಯಿತು.

ಇಷ್ಟನ್ನು ತಿಳಿದ ಮೇಲೆ, ಯಜಮಾನರ ಕಾರಿನ ಮುಚ್ಚಳ ತೆಗೆದು ನೋಡೆಂದು ಅಣ್ಣನಿಗೆ ಫೋನು ಮಾಡಿದೆ. ಅವನು ಚಿತ್ರ ತೆಗೆದು ಕಳುಹಿಸಿದನು. ಮೇಲೆ 98 ಎಂದೂ ಕೆಳಗೆ ಸಣ್ಣಕ್ಷರದಲ್ಲಿ ಕನಿಷ್ಠ 95 ಎಂದೂ ಬರೆದಿತ್ತು. ಅದನ್ನು ಅವನು ಯಜಮಾನರಿಗೆ ತೋರಿಸಿದನಂತೆ. ಅವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ಮುಚ್ಚಳ ಹಾಕಿ ಒಳಗೆ ಹೋದರಂತೆ. ಈಗ ದಾರಿಯಲ್ಲಿ 95 ಹಾಕಿಸಿದರೆ ಅವರು ಏನೂ ಅನ್ನುವುದಿಲ್ಲ. ಸಾವಿರ ರೂಪಾಯಿ ಮಾತ್ರ ಇನ್ನೂ ಬಂದಿಲ್ಲ.