ಕೋಡಿಯಕ್ಕರೈ ಹಕ್ಕಿಯ ಕಾಲುಂಗುರ

ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆಯಲ್ಲಿ ಬಂಗಾಳ ಕೊಲ್ಲಿ ಪಾಕ್ ಜಲಸಂಧಿಯ ಕಡೆ ಹೊರಳುವ ಮೂಲೆಯೇ ಕೋಡಿಯಕ್ಕರೈ. ಭೂಪಟದಲ್ಲಿ ಪಾಯಿಂಟ್ ಕ್ಯಾಲಿಮೇರ್. ಮಹಾಲಯ ಅಮಾವಾಸ್ಯೆ ಕಳೆಯುವ ಹೊತ್ತಿಗೆ ಅಲ್ಲಿನ ಚೌಳು ಬಯಲಿನಲ್ಲಿ ಸೈಬೀರಿಯಾದ ಉಲ್ಲಂಕಿಗಳು ಕೆಸರು ಕೆದಕುತ್ತಿರುತ್ತವೆ. ಅವುಗಳಲ್ಲೇ ಪುಟ್ಟದಾದ ಲಿಟಲ್ ಸ್ಟಿಂಟ್ ತೂಗುವುದು ಇಪ್ಪತ್ತು, ಮೂವತ್ತು ಗ್ರಾಂ ಅಷ್ಟೇ. ಆರ್ಕ್‌ಟಿಕ್ ಅಂಚಿನಲ್ಲಿ ಮೊಟ್ಟೆಯೊಡೆದು ಬಂದ ಮರಿ, ಅದೇ ವರ್ಷ ಇಲ್ಲಿಗೆ ಮುಟ್ಟುತ್ತದೆ.

ಇವುಗಳ ಕಾಲಿಗೆ ಉಂಗುರ ತೊಡಿಸುವುದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು. ಕತ್ತಲಲ್ಲಿ ಕಾಣದಷ್ಟು ತೆಳ್ಳಗಿನ ಬಲೆಯನ್ನು ಗಳುಗಳಿಗೆ ಕಟ್ಟಿರುತ್ತಾರೆ. ಹಾರಿಬಂದ ಹಕ್ಕಿ ಅದರ ಮಡಿಕೆಯೊಳಗೆ ಬೀಳುತ್ತದೆ. ಬಿಡಿಸುವ ಬೆರಳಿಗೆ ಅವಸರ ಕೂಡದು; ಒಂದು ಎಳೆ ತಪ್ಪಾಗಿ ಎಳೆದರೆ ರೆಕ್ಕೆ ಮುರಿದೀತು. ಬಟ್ಟೆಯ ಚೀಲಕ್ಕೆ ಹಾಕಿ, ರೆಕ್ಕೆ ಅಳೆದು, ತೂಗಿ, ಯಾವ ಗರಿ ಹಳತು, ಯಾವುದು ಹೊಸತು ಎಂದು ನೋಡುತ್ತಾರೆ. ಮರಿಯೋ ವಯಸ್ಕ ಹಕ್ಕಿಯೋ ಎಂಬುದಕ್ಕೆ ಗರಿಯೇ ಸಾಕ್ಷಿ. ಈ ಕೈಚಳಕದಲ್ಲಿ ಬಿಹಾರದ ಮೀರ್‌ಶಿಕಾರ್ ಸಮುದಾಯದ ಅಲಿ ಹುಸೇನ್ ಹೆಸರುವಾಸಿ. ಬೇಟೆಗಾರರ ಮನೆತನದ ವಿದ್ಯೆಯೇ ವಿಜ್ಞಾನದ ಕೈಹಿಡಿಯಿತು ಎಂಬುದನ್ನು ನಾವು ಸಾಕಷ್ಟು ನೆನೆದಿಲ್ಲ.

ಈ ಕೆಲಸಕ್ಕೂ ನಮ್ಮ ಸೊರಬಕ್ಕೂ ನಂಟಿದೆ. 1957ರಲ್ಲಿ ಅಲ್ಲಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನ ಜ್ವರದಿಂದ ಮಲಗಿದರು. ಅಲ್ಲಿ ಸಿಕ್ಕ ವೈರಸ್ ರಷ್ಯಾದ ಮಿದುಳು ಜ್ವರದ ವೈರಸ್‌ಗೆ ಹತ್ತಿರದ್ದು. ಹಾಗಾದರೆ ಉತ್ತರದಿಂದ ಬರುವ ಹಕ್ಕಿಗಳೇ ಮೈಗಂಟಿದ ಉಣ್ಣೆಹುಳದ ಜೊತೆ ರೋಗವನ್ನೂ ಹೊತ್ತು ತಂದವೇ? ಅನುಮಾನ ಬಲವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. 1959ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಮುಂದಾಳತ್ವದಲ್ಲಿ ದೊಡ್ಡ ಪ್ರಮಾಣದ ಉಂಗುರ ಕಾರ್ಯ ಶುರುವಾಯಿತು. ಆರೋಪ ಸಾಬೀತಾಗಲಿಲ್ಲ. ಮಂಗನ ಕಾಯಿಲೆ ಎಂದು ಹೆಸರಾದ ಆ ಜ್ವರ ನಮ್ಮ ಕಾಡಿನ ಉಣ್ಣೆಗಳಲ್ಲೇ ಬೇರುಬಿಟ್ಟಿತ್ತು. ಆದರೆ ಆರೋಪದ ನೆಪದಲ್ಲಿ ಹಕ್ಕಿಯ ದಾರಿ ತೆರೆದುಕೊಂಡಿತು: ಭರತಪುರದಲ್ಲಿ ಉಂಗುರ ತೊಟ್ಟ ಬಾತುಗಳು ಸೋವಿಯತ್ ನೆಲದಲ್ಲಿ ಸಿಕ್ಕವು.

ಉಂಗುರದ ಮೇಲಿರುವುದು ಒಂದು ಸಂಖ್ಯೆ ಮತ್ತು ಸೊಸೈಟಿಗೆ ತಿಳಿಸಿ ಎಂಬ ಸೂಚನೆ. ಯಾರೋ ಓದಿ ತಿಳಿಸುವ ತನಕ ಅದು ಬರೀ ಲೋಹದ ಬಳೆ. ಹಾಗೆ ಓದಿ ತಿಳಿಸಿದವರು ಮೀನುಗಾರರೋ, ಬೇಟೆಗಾರರೋ, ಹೊಲದಲ್ಲಿದ್ದ ರೈತರೋ ಆಗಿರಬಹುದು. ಇಷ್ಟು ದೊಡ್ಡ ಅಧ್ಯಯನ ನಿಂತಿರುವುದು ಅಂಥ ಅಪರಿಚಿತರ ಔದಾರ್ಯದ ಮೇಲೆ. ಕಾರವಾರದಲ್ಲೋ ಮಲ್ಪೆಯಲ್ಲೋ ಕಾಲುಂಗುರದ ಹಕ್ಕಿ ಕಂಡರೆ ಹಿಡಿಯಲು ಹೋಗಬೇಡಿ. ದೂರದಿಂದ ಫೋಟೊ ತೆಗೆಯಿರಿ. ಸತ್ತು ಬಿದ್ದಿದ್ದರೆ ಸಂಖ್ಯೆ, ಜಾಗ, ತಾರೀಖು ಬರೆದು ಮುಂಬಯಿಯ ಸೊಸೈಟಿಗೆ ಕಳಿಸಿ.