ಮಾರ್ಫಿನ್ ಕಪಾಟಿನ ಚಾವಿ

ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ ನರ್ಸ್ ಆಗಿರುವ ನಾನು ಇಪ್ಪತ್ತರ ಆಸುಪಾಸಿನಲ್ಲಿ ಕೆಮ್ಮಿನ ಸಿರಪ್ಪಿನ ಚಟಕ್ಕೆ ಬಿದ್ದಿದ್ದೆ. ಅಪ್ಪ ತೀರಿಕೊಂಡ ಮೇಲೆ ಮೊದಲು ಖಿನ್ನತೆ ಹಿಡಿಯಿತು, ಸಿರಪ್ಪು ಬಂದದ್ದು ಆಮೇಲೆ. ನಿದ್ದೆಗೆಂದು ಕುಡಿಯುತ್ತಿದ್ದೆ, ಬರಬರುತ್ತ ಒಂದು ದಿನ ತಪ್ಪಿದರೂ ಮೈಕೈ ನೋವು, ಬೆವರು, ಭೇದಿ. ಆ ಸಿರಪ್ಪಿನಲ್ಲಿದ್ದದ್ದು ಕೊಡೀನ್, ಅಫೀಮಿನ ಕುಲದ ಔಷಧ. ಯಕೃತ್ತು ಅದರ ಒಂದಂಶವನ್ನು ಮಾರ್ಫಿನ್ ಆಗಿ ಮಾರ್ಪಡಿಸುತ್ತದೆ.

"ಮದುವೆ ಮಾಡಿಬಿಡಿ, ಸರಿಹೋಗ್ತಾಳೆ" ಎಂದರು ನೆಂಟರು. ಅಮ್ಮ ನನ್ನನ್ನು ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಚಟಕ್ಕೂ ಖಿನ್ನತೆಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಒಂದನ್ನು ಹಾಗೇ ಬಿಟ್ಟರೆ ಅದು ಇನ್ನೊಂದನ್ನು ಎಳೆದು ತರಬಹುದು. ಖಿನ್ನತೆಯ ಮಾತ್ರೆಯ ಗುಣ ಕಾಣಲು ಕೆಲವು ವಾರ ಬೇಕು. ಅದರಿಂದ ಚಟ ಅಂಟುವುದಿಲ್ಲ, ಆದರೆ ಹುಷಾರಾಯಿತೆಂದು ನಾವೇ ನಿಲ್ಲಿಸಬಾರದು.

ಚೇತರಿಸಿಕೊಂಡು ನರ್ಸಿಂಗ್ ಓದಲು ಹೊರಟೆ. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾವಾದ ಜಿಎನ್‌ಎಂ ಕೋರ್ಸಿಗೆ ಹನ್ನೆರಡನೇ ತರಗತಿ ಪಾಸಾಗಿರಬೇಕು, ವೈದ್ಯಕೀಯ ಫಿಟ್‌ನೆಸ್ ಪ್ರಮಾಣಪತ್ರ ಬೇಕು. ನನಗೆ ಭಯವಿದ್ದದ್ದು ಆ ಪತ್ರದ್ದೇ. ಒಂದು ಕಾಲೇಜಿನ ಕೌಂಟರಿನಲ್ಲಿ "ಇಂಥವರಿಗೆ ನರ್ಸಿಂಗ್ ಯಾಕೆ?" ಎಂದು ಮುಖಕ್ಕೇ ಕೇಳಿದರು. ಈಗ ಆರೋಗ್ಯವಾಗಿದ್ದಾಳೆಯೇ, ಚಿಕಿತ್ಸೆ ಮುಂದುವರಿಸುತ್ತಿದ್ದಾಳೆಯೇ ಎಂದು ಕೇಳಲಿ, ಅದು ನ್ಯಾಯ. ಹಿಂದೆ ಚಟಕ್ಕೆ ಬಿದ್ದಿದ್ದಳು ಎಂಬುದೊಂದೇ ಕಾರಣಕ್ಕೆ ಬಾಗಿಲು ಹಾಕುವುದು ಅನ್ಯಾಯ. ಪುಣೆಯ ಮುಕ್ತಾಂಗಣವನ್ನೇ ನೋಡಿ. 1986ರಲ್ಲಿ ಡಾ. ಅನಿತಾ ಮತ್ತು ಅನಿಲ್ ಅವಚಟ್ ದಂಪತಿ ಶುರುಮಾಡಿದ ಆ ವ್ಯಸನಮುಕ್ತಿ ಕೇಂದ್ರದಲ್ಲಿ ಚಟ ಬಿಟ್ಟು ಬಂದವರೂ ಸಿಬ್ಬಂದಿಯಾಗಿ ದುಡಿಯುತ್ತಾರೆ.

ಹಾಗೆಂದು ಅಪಾಯವೇ ಇಲ್ಲ ಎನ್ನಲಾರೆ. ವಾರ್ಡಿನಲ್ಲಿ ಮಾರ್ಫಿನ್, ಫೆಂಟನಿಲ್ ಇಡುವ ಕಪಾಟಿಗೆ ಎರಡು ಬೀಗ. ಒಂದು ಆಂಪ್ಯೂಲ್ ತೆಗೆದರೆ ರೋಗಿಯ ಹೆಸರು, ಹೊತ್ತು, ಕೊಟ್ಟ ಪ್ರಮಾಣ, ಉಳಿದು ಚೆಲ್ಲಿದ್ದು ಎಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು, ಇನ್ನೊಬ್ಬ ನರ್ಸಿನ ಸಹಿ ಹಾಕಿಸಬೇಕು, ಖಾಲಿ ಗಾಜನ್ನೂ ಒಪ್ಪಿಸಬೇಕು. ರಾತ್ರಿ ಪಾಳಿಯ ಮೂರು ಗಂಟೆಗೆ, ಮೈ ಸೋತಿರುವಾಗ, ಬೆರಳುದ್ದದ ಆ ಗಾಜು ಅಂಗೈಯಲ್ಲಿ ಹಗುರಾಗಿಯೇ ಇರುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲೇ ಸಿಸ್ಟರ್ ಇನ್‌ಚಾರ್ಜ್ ಬಳಿ ನನ್ನ ಕಥೆ ಹೇಳಿ, ಸದ್ಯ ಚಾವಿ ನನಗೆ ಕೊಡಬೇಡಿ ಎಂದು ಕೇಳಿಕೊಂಡೆ. "ಹೇಳಿದ್ದು ಒಳ್ಳೆಯದಾಯಿತು" ಎಂದು ಮರಾಠಿಯಲ್ಲಿ ಅಂದ ಅವರು ಆ ಮಾತನ್ನು ಬೇರೆಯವರ ಕಿವಿಗೆ ಹಾಕಲಿಲ್ಲ. ರಾತ್ರಿ ಪಾಳಿಯನ್ನೂ ಕಡಿಮೆ ಮಾಡಿದರು, ನಿದ್ದೆ ಕೆಟ್ಟರೆ ಖಿನ್ನತೆ ಮರುಕಳಿಸಬಹುದೆಂದು ಅವರಿಗೆ ಗೊತ್ತಿತ್ತು. ಅಮೆರಿಕದ ಹಲವು ರಾಜ್ಯಗಳಲ್ಲಿ ಇದು ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯವಲ್ಲ: ಚಟದಿಂದ ಹೊರಬಂದ ನರ್ಸ್ ಕೆಲಸಕ್ಕೆ ಮರಳಿದಾಗ ಕೆಲಕಾಲ ಮಾದಕ ಔಷಧಗಳನ್ನು ಕೈಗೆ ಕೊಡುವುದಿಲ್ಲ, ಆಗಾಗ ಮೂತ್ರ ಪರೀಕ್ಷೆ ಮಾಡುತ್ತಾರೆ, ಆದರೆ ನಿಯಮ ಪಾಲಿಸಿದರೆ ಸಾಮಾನ್ಯವಾಗಿ ನರ್ಸಿಂಗ್ ಪರವಾನಗಿ ಉಳಿಯುತ್ತದೆ. ನಮ್ಮ ಆಸ್ಪತ್ರೆಗಳೂ ಇಂಥದ್ದನ್ನು ನಿಯಮವಾಗಿಯೇ ಬರೆದಿಡಬೇಕು.

ಚಾವಿ ಈಗ ನನ್ನ ಹತ್ತಿರವೂ ಇರುತ್ತದೆ. ಡಾಕ್ಟರ ಭೇಟಿ ಮಾತ್ರ ತಪ್ಪಿಸುವುದಿಲ್ಲ.

ಮೊನ್ನೆ ಪರಿಚಯದ ಅಕ್ಕ ಒಬ್ಬರು ಮಗಳ ವಿಷಯ ತೆಗೆದರು. ಅವಳೂ ಚಿಕಿತ್ಸೆಯಲ್ಲಿದ್ದಾಳೆ, ನರ್ಸಿಂಗ್ ಓದಬೇಕಂತೆ. ಅರ್ಜಿಗೆ ಅವಸರ ಬೇಡ, ಮೊದಲು ಡಾಕ್ಟರು "ಈಗ ಆಗಬಹುದು" ಎನ್ನಲಿ ಎಂದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವ ಹಕ್ಕು ಕೊಟ್ಟಿದೆ, ಆದರೆ ಫಿಟ್‌ನೆಸ್ ಪರೀಕ್ಷೆಯ ಡಾಕ್ಟರರಿಗೆ ಸುಳ್ಳು ಹೇಳಬಾರದು ಎಂದೂ ನಾನು ಅವರಿಗೆ ಹೇಳಿದೆ. ನಡುರಾತ್ರಿ ಮನಸ್ಸು ಕುಸಿದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಅಕ್ಕ ಆ ನಂಬರನ್ನು ಮಗಳ ಮೊಬೈಲಿಗೂ ಕಳಿಸಿದರು.